ಭಾಷೆ ಬಾರದವನು ಉಳಿಸಿಕೊಟ್ಟ ಭಾಷೆ: ಕೆನಡಾದ ಬಾಲ್ಡ್ವಿನ್ ಮತ್ತು ಲಾಫೊಂತೇನ್

ಹೋದ ಭಾನುವಾರದ ಮಾತನ್ನ ಪೂರ್ತಿ ಕೇಳೋಕೆ ಟೈಮ್ ಸಿಗಲಿಲ್ಲ, ಬರೆದು ಹಾಕಿ ಅಂತ ಹಲವರು ಕೇಳಿದ್ರಿ. ಅದರ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿ, ಹೆಸರುಗಳನ್ನ ಇಲ್ಲಿ ಸೇರಿಸಿದ್ದೀನಿ. ಕ್ಯಾಬಲ್ಲೋ ಮೆಟ್ರೋದಲ್ಲೋ ಕೂತು ನಿಧಾನಕ್ಕೆ ಓದಿ.

ಧರ್ಮಶಾಲಾದ ಒಂದು ಸಮಾಧಿ

ದೆಹಲಿ, ನೊಯ್ಡಾ, ಗುರುಗ್ರಾಮದಲ್ಲಿರೋ ನಮ್ಮವರಿಗೆ ಈ ಜಾಗ ಗೊತ್ತಿರುತ್ತೆ. ಶುಕ್ರವಾರ ರಾತ್ರಿ ಬಸ್ ಹತ್ತಿದ್ರೆ ಶನಿವಾರ ಬೆಳಿಗ್ಗೆ ಧರ್ಮಶಾಲಾ. ಅಲ್ಲಿಂದ ಮೆಕ್ಲಿಯೋಡ್‌ಗಂಜ್‌ಗೆ ಹತ್ತೋ ದಾರಿಯಲ್ಲಿ, ದೇವದಾರು ಮರಗಳ ನಡುವೆ ಒಂದು ಹಳೇ ಕಲ್ಲಿನ ಚರ್ಚ್ ಇದೆ. ಸೇಂಟ್ ಜಾನ್ ಇನ್ ದಿ ವಿಲ್ಡರ್‌ನೆಸ್ ಅಂತ ಹೆಸರು. ನಾನಿರೋದು ಪುಣೆಯಲ್ಲಿ. ನೊಯ್ಡಾದಲ್ಲಿರೋ ತಮ್ಮನ ಮನೆಗೆ ಹೋದಾಗ ಅವನ ಜೊತೆ ಆ ಕಡೆ ಹೋಗಿದ್ದೆ. ಎಲ್ಲರೂ ಫೋಟೋ ತೆಗೆಸಿಕೊಳ್ತಾ ಇದ್ರು. ನಾನು ಚರ್ಚಿನ ಅಂಗಳದಲ್ಲಿದ್ದ ಒಂದು ದೊಡ್ಡ ಸಮಾಧಿಯ ಮುಂದೆ ನಿಂತೆ.

ಅದು ಲಾರ್ಡ್ ಎಲ್ಗಿನ್ ಸಮಾಧಿ. 1862ರಲ್ಲಿ ಭಾರತಕ್ಕೆ ವೈಸರಾಯ್ ಆಗಿ ಬಂದವನು, ಮರುವರ್ಷ ಹಿಮಾಲಯದ ಏರುದಾರಿಯಲ್ಲಿ ಆರೋಗ್ಯ ಕೆಟ್ಟು 1863ರ ನವೆಂಬರ್ 20ರಂದು ಧರ್ಮಶಾಲಾದಲ್ಲೇ ತೀರಿಕೊಂಡ. ನಮ್ಮ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಇವನಿಗೆ ಒಂದು ಸಾಲೂ ಸಿಗೋದಿಲ್ಲ. ಆದ್ರೆ ಭಾರತಕ್ಕೆ ಬರೋ ಮುಂಚೆ 1847ರಿಂದ 1854ರವರೆಗೆ ಈತ ಕೆನಡಾದ ಗವರ್ನರ್ ಜನರಲ್ ಆಗಿದ್ದ. ಅಲ್ಲಿ ಈತ ಮಾಡಿದ ಎರಡು ಕೆಲಸ ಇವತ್ತಿಗೂ ಆ ದೇಶದ ಬುನಾದಿಯಲ್ಲಿದೆ. ಮೊದಲನೇದು, ಶಾಸನಸಭೆಯಲ್ಲಿ ನಿಂತು ಫ್ರೆಂಚ್‌ನಲ್ಲಿ ಭಾಷಣ ಓದಿದ್ದು. ಎರಡನೇದು, ತನಗೇ ಕಷ್ಟ ಬರುತ್ತೆ ಅಂತ ಗೊತ್ತಿದ್ದೂ ಒಂದು ಮಸೂದೆಗೆ ಸಹಿ ಹಾಕಿದ್ದು.

ಆದ್ರೆ ಈ ಕಥೆಯ ನಾಯಕ ಎಲ್ಗಿನ್ ಅಲ್ಲ. ಅವನು ಓದಿದ್ದು, ಸಹಿ ಹಾಕಿದ್ದು ಹೌದು. ಅದನ್ನ ಸಾಧ್ಯ ಮಾಡಿದವರು ಇಬ್ಬರು ವಕೀಲರು. ಒಬ್ಬ ಇಂಗ್ಲಿಷಿನವನು, ರಾಬರ್ಟ್ ಬಾಲ್ಡ್ವಿನ್. ಇನ್ನೊಬ್ಬ ಫ್ರೆಂಚಿನವನು, ಲೂಯಿ ಇಪೋಲಿತ್ ಲಾಫೊಂತೇನ್. ಊರು ಬಿಟ್ಟು ಇನ್ನೊಬ್ಬರ ಭಾಷೆಯ ಊರಲ್ಲಿ ಬದುಕ್ತಿರೋ ನಮಗೆ ಈ ಕಥೆ ಯಾಕೆ ಬೇಕು ಅಂತ ಕೊನೆಗೆ ಹೇಳ್ತೀನಿ.

ಮೊದಲು ಸ್ವಲ್ಪ ಹಿನ್ನೆಲೆ

1830ರ ದಶಕದಲ್ಲಿ ಕೆನಡಾ ಅನ್ನೋ ಒಂದೇ ದೇಶ ಇರಲಿಲ್ಲ. ಸೇಂಟ್ ಲಾರೆನ್ಸ್ ನದಿಯ ಮೇಲ್ಭಾಗದಲ್ಲಿ ಅಪ್ಪರ್ ಕೆನಡಾ, ಅಂದ್ರೆ ಇವತ್ತಿನ ಆಂಟೇರಿಯೋದ ದಕ್ಷಿಣ ಭಾಗ. ಅಲ್ಲಿ ಇಂಗ್ಲಿಷ್ ಮಾತಾಡೋರು. ನದಿಯ ಕೆಳಭಾಗದಲ್ಲಿ ಲೋವರ್ ಕೆನಡಾ, ಇವತ್ತಿನ ಕ್ವಿಬೆಕ್. ಅಲ್ಲಿ ಹೆಚ್ಚಿನವರು ಫ್ರೆಂಚ್ ಮಾತಾಡೋ ಕ್ಯಾಥೊಲಿಕರು. ಎರಡೂ ಬ್ರಿಟಿಷ್ ವಸಾಹತುಗಳೇ.

ಎರಡೂ ಕಡೆ ಚುನಾಯಿತ ಸಭೆ ಇತ್ತು, ಆದ್ರೆ ಅದಕ್ಕೆ ಹಲ್ಲಿರಲಿಲ್ಲ. ಲಂಡನ್ನಿನಿಂದ ಬಂದ ಗವರ್ನರ್ ತನಗೆ ಬೇಕಾದವರನ್ನ ಸಲಹಾಮಂಡಲಿಗೆ ಹಾಕಿಕೊಳ್ತಿದ್ದ. ಸಭೆಯಲ್ಲಿ ಅವರಿಗೆ ಬಹುಮತ ಇಲ್ಲದಿದ್ರೂ ಅವರನ್ನ ಇಳಿಸೋಕೆ ಆಗ್ತಿರಲಿಲ್ಲ. ಜನ ಯಾರಿಗೆ ವೋಟು ಹಾಕಿದ್ರೂ ಆಡಳಿತ ಅದೇ ನಾಲ್ಕು ಮನೆತನದ ಕೈಯಲ್ಲಿ.

1837ರಲ್ಲಿ ಎರಡೂ ಕಡೆ ದಂಗೆ ಎದ್ದಿತು. ಅಪ್ಪರ್ ಕೆನಡಾದಲ್ಲಿ ವಿಲಿಯಂ ಲಯನ್ ಮೆಕೆಂಝಿ, ಲೋವರ್ ಕೆನಡಾದಲ್ಲಿ ಲೂಯಿ ಜೋಸೆಫ್ ಪಾಪಿನೋ ಮುಂದಾಳುಗಳು. ಎರಡೂ ಸೋತವು. ಊರುಗಳು ಸುಟ್ಟವು, ಕೆಲವರು ಗಲ್ಲಿಗೇರಿದರು, ಹಲವರು ಗಡೀಪಾರಾದರು.

ಕಾರಣ ಹುಡುಕೋಕೆ ಲಂಡನ್ನಿನಿಂದ ಲಾರ್ಡ್ ಡರ್ಹಮ್ ಬಂದ. 1838ರಲ್ಲಿ ಕೆಲವೇ ತಿಂಗಳು ಇದ್ದು, 1839ರಲ್ಲಿ ವರದಿ ಕೊಟ್ಟ. ಅದರಲ್ಲಿ ಮುಖ್ಯವಾಗಿ ಎರಡು ಶಿಫಾರಸು. ಒಂದು, ಒಳಾಡಳಿತದಲ್ಲಿ ಸಭೆಯ ಬಹುಮತ ಇದ್ದವರೇ ಸರ್ಕಾರ ನಡೆಸಲಿ. ಇದು ಒಳ್ಳೆಯ ಮಾತು. ಇನ್ನೊಂದು, ಎರಡೂ ಕೆನಡಾಗಳನ್ನ ಒಂದು ಮಾಡಿ, ಫ್ರೆಂಚರು ಕ್ರಮೇಣ ಇಂಗ್ಲಿಷರೊಳಗೆ ಕರಗಿಹೋಗೋ ಹಾಗೆ ಮಾಡಿ. ಅವರಿಗೆ ಹೇಳಿಕೊಳ್ಳೋ ಇತಿಹಾಸವಾಗಲಿ ಸಾಹಿತ್ಯವಾಗಲಿ ಇಲ್ಲ ಅನ್ನೋದು ಡರ್ಹಮ್ ಅಭಿಪ್ರಾಯ.

ಲಂಡನ್ ಮೊದಲನೇ ಮಾತನ್ನ ಪಕ್ಕಕ್ಕಿಟ್ಟು ಎರಡನೇದನ್ನ ಹಿಡಿದುಕೊಂಡಿತು. 1840ರಲ್ಲಿ ಒಕ್ಕೂಟ ಕಾಯ್ದೆ ಪಾಸಾಯಿತು, 1841ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಹೊಸ ಸಭೆಯಲ್ಲಿ 84 ಸೀಟು, ಎರಡೂ ಕಡೆಗೆ ತಲಾ 42. ಕೇಳೋಕೆ ನ್ಯಾಯವಾಗಿದೆ ಅಲ್ವಾ? ಆದ್ರೆ ಆಗ ಲೋವರ್ ಕೆನಡಾದ ಜನಸಂಖ್ಯೆ ಸುಮಾರು 6.5 ಲಕ್ಷ, ಅಪ್ಪರ್ ಕೆನಡಾದ್ದು ಸುಮಾರು 4.5 ಲಕ್ಷ. ಅಪ್ಪರ್ ಕೆನಡಾದ ದೊಡ್ಡ ಸಾಲವನ್ನೂ ಇಬ್ಬರ ತಲೆಗೆ ಕಟ್ಟಲಾಯಿತು. ಇನ್ನು ಕಾಯ್ದೆಯ 41ನೇ ಕಲಂ ಸಭೆಯ ಲಿಖಿತ ದಾಖಲೆಗಳೆಲ್ಲ ಇಂಗ್ಲಿಷ್‌ನಲ್ಲೇ ಇರಬೇಕು ಅಂತ ಹೇಳಿತು. ಫ್ರೆಂಚ್‌ನಲ್ಲಿ ಬಾಯಿ ಬಿಡಬಹುದು, ಆದ್ರೆ ಕಾಗದದ ಮೇಲೆ ಆ ಭಾಷೆಗೆ ಜಾಗ ಇಲ್ಲ.

ಇಬ್ಬರು ವಕೀಲರು

ಲಾಫೊಂತೇನ್ ಹುಟ್ಟಿದ್ದು 1807ರಲ್ಲಿ, ಮಾಂಟ್ರಿಯಲ್ ಹತ್ತಿರದ ಬೂಷರ್‌ವಿಲ್‌ನಲ್ಲಿ. ಬಡಗಿಯ ಮಗ. ಲಾ ಓದಿ, 23ನೇ ವಯಸ್ಸಿಗೆ ಟೆರ್‌ಬೋನ್ ಕ್ಷೇತ್ರದಿಂದ ಸಭೆಗೆ ಆರಿಸಿ ಬಂದ. ಗಂಭೀರ ಮನುಷ್ಯ, ಮಾತು ಕಡಿಮೆ. ನೋಡೋಕೆ ನೆಪೋಲಿಯನ್ ಥರ ಇದ್ದ, ಕೂದಲನ್ನೂ ಹಾಗೇ ಬಾಚಿಕೊಳ್ತಿದ್ದ ಅಂತ ಅವನ ಕಾಲದವರು ಬರೆದಿದ್ದಾರೆ. ಪಾಪಿನೋ ಪಕ್ಷದವನೇ ಆದ್ರೂ ಬಂದೂಕು ಹಿಡಿಯೋದಕ್ಕೆ ಒಪ್ಪಲಿಲ್ಲ. ಆದ್ರೂ 1838ರ ನವೆಂಬರಿನಲ್ಲಿ ಅವನನ್ನ ಜೈಲಿಗೆ ಹಾಕಿದ್ರು. ವಿಚಾರಣೆಯೇ ಇಲ್ಲದೆ ಡಿಸೆಂಬರಿನಲ್ಲಿ ಬಿಟ್ಟರು.

ಬಾಲ್ಡ್ವಿನ್ ಹುಟ್ಟಿದ್ದು 1804ರಲ್ಲಿ ಯಾರ್ಕ್‌ನಲ್ಲಿ, ಅಂದ್ರೆ ಇವತ್ತಿನ ಟೊರೊಂಟೊದಲ್ಲಿ. ಐರ್ಲೆಂಡ್ ಮೂಲದ ಪ್ರಾಟೆಸ್ಟೆಂಟ್ ಕುಟುಂಬ. ಅಪ್ಪ ವೈದ್ಯನೂ ಹೌದು, ವಕೀಲನೂ ಹೌದು, ಸಾಕಷ್ಟು ಆಸ್ತಿವಂತ. ಮಗ ನಾಚಿಕೆಯ ಸ್ವಭಾವದವನು, ಭಾಷಣದಲ್ಲಿ ತಡವರಿಸ್ತಿದ್ದ. 1836ರ ಜನವರಿಯಲ್ಲಿ ಹೆಂಡತಿ ಇಲೈಝಾ ತೀರಿಕೊಂಡಳು. ನಾಲ್ಕು ಚಿಕ್ಕ ಮಕ್ಕಳು. ಆ ದುಃಖದಿಂದ ಆತ ಕೊನೆಯವರೆಗೂ ಹೊರಗೆ ಬರಲಿಲ್ಲ. ತನ್ನ ಶವಪೆಟ್ಟಿಗೆಯನ್ನ ಅವಳದಕ್ಕೆ ಸರಪಳಿಯಿಂದ ಬಿಗಿಯಬೇಕು ಅಂತ ಬರೆದಿಟ್ಟಿದ್ದವನು.

ಈ ನಾಚಿಕೆಯ ಮನುಷ್ಯನ ತಲೆಯಲ್ಲಿ ಒಂದೇ ಒಂದು ವಿಚಾರ ಕಲ್ಲಿನ ಹಾಗೆ ಕೂತಿತ್ತು. ಗವರ್ನರ್ ತನ್ನ ಮಂತ್ರಿಗಳ ಸಲಹೆಯಂತೆ ನಡೆಯಬೇಕು, ಮಂತ್ರಿಗಳು ಸಭೆಗೆ ಉತ್ತರ ಕೊಡಬೇಕು, ಸಭೆಯ ವಿಶ್ವಾಸ ಹೋದರೆ ಕುರ್ಚಿ ಬಿಡಬೇಕು. ಇದಕ್ಕೆ ಜವಾಬ್ದಾರಿ ಸರ್ಕಾರ ಅಂತ ಹೆಸರು. ಮೈಸೂರು ಸಂಸ್ಥಾನದಲ್ಲಿ ಇದೇ ಜವಾಬ್ದಾರಿ ಸರ್ಕಾರ ಬೇಕು ಅಂತ 1947ರಲ್ಲಿ ಮೈಸೂರು ಚಲೋ ನಡೀತಲ್ಲ, ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿ ಮುಖ್ಯಮಂತ್ರಿ ಆದ್ರಲ್ಲ, ಆ ಮಾತೇ ಇದು. ಬಾಲ್ಡ್ವಿನ್ ಇದನ್ನ 1836ರಲ್ಲೇ ಲಂಡನ್ನಿನ ಮಂತ್ರಿಗೆ ಬರೆದು ತಿಳಿಸಿದ್ದ. ಆಮೇಲೆ ಡರ್ಹಮ್‌ಗೂ ಬರೆದ.

ಇಬ್ಬರನ್ನ ಜೋಡಿಸಿದ್ದು ಮೂರನೆಯವನೊಬ್ಬ. ಫ್ರಾನ್ಸಿಸ್ ಹಿಂಕ್ಸ್, ಐರ್ಲೆಂಡಿನ ಕಾರ್ಕ್‌ನಿಂದ ವಲಸೆ ಬಂದವನು. ಟೊರೊಂಟೊದಲ್ಲಿ ಪತ್ರಿಕೆ ನಡೆಸ್ತಿದ್ದ, ಲೆಕ್ಕಾಚಾರದಲ್ಲಿ ಪಕ್ಕಾ. ಡರ್ಹಮ್ ವರದಿ ಬಂದ ಕೂಡಲೇ, 1839ರ ವಸಂತದಲ್ಲಿ, ಲಾಫೊಂತೇನ್‌ಗೆ ಪತ್ರ ಬರೆಯೋಕೆ ಶುರು ಮಾಡಿದ. ಸಾರಾಂಶ ಇಷ್ಟು: ನಿಮಗೆ ನಿಮ್ಮ ಭಾಷೆ, ಕಾನೂನು ಉಳಿಯಬೇಕು. ನಮಗೆ ಜವಾಬ್ದಾರಿ ಸರ್ಕಾರ ಬೇಕು. ಬೇರೆ ಬೇರೆ ನಿಂತ್ರೆ ಇಬ್ಬರೂ ಅಲ್ಪಸಂಖ್ಯಾತರು. ಸೇರಿದ್ರೆ ಬಹುಮತ ನಮ್ಮದು.

ಲಾಫೊಂತೇನ್ ಮುಂದೆ ಆಗ ಎರಡು ದಾರಿ ಇತ್ತು. ಫ್ರೆಂಚರಲ್ಲಿ ಹೆಚ್ಚಿನವರು ಹೇಳ್ತಿದ್ದದ್ದು ಈ ಒಕ್ಕೂಟವನ್ನೇ ಒಪ್ಪಬಾರದು, ಅದನ್ನ ರದ್ದು ಮಾಡಿಸಬೇಕು ಅಂತ. ಅದು ನಮ್ಮನ್ನ ಮುಗಿಸೋಕೇ ಕಟ್ಟಿದ ಮನೆ ಅನ್ನೋದು ಅವನಿಗೂ ಗೊತ್ತಿತ್ತು. ಆದ್ರೂ 1840ರ ಆಗಸ್ಟ್‌ನಲ್ಲಿ ಟೆರ್‌ಬೋನ್ ಮತದಾರರಿಗೆ ಒಂದು ಬಹಿರಂಗ ಪತ್ರ ಬರೆದ. ಒಕ್ಕೂಟ ಅನ್ಯಾಯದ್ದು, ಆದ್ರೂ ಒಳಗೆ ಹೋಗೋಣ, ಅಪ್ಪರ್ ಕೆನಡಾದ ಸುಧಾರಕರ ಜೊತೆ ಸೇರಿ ಇದೇ ಸಭೆಯಲ್ಲಿ ನಮ್ಮ ಹಕ್ಕು ಪಡೆಯೋಣ ಅನ್ನೋದು ಅದರ ತಿರುಳು. ಅವನವರೇ ಕೆಲವರು ಇದನ್ನ ಶರಣಾಗತಿ ಅಂದರು.

ಸೋತವನಿಗೆ ಸಿಕ್ಕ ಕ್ಷೇತ್ರ

1841ರ ಚುನಾವಣೆ. ಆಗ ಗುಪ್ತ ಮತದಾನ ಇರಲಿಲ್ಲ. ಆಸ್ತಿಯಿದ್ದವರು ಮತಗಟ್ಟೆಗೆ ಬಂದು ಎಲ್ಲರ ಮುಂದೆ ಇಂಥವರಿಗೆ ಅಂತ ಬಾಯಿಬಿಟ್ಟು ಹೇಳಬೇಕು. ಹಾಗಾಗಿ ಮತಗಟ್ಟೆ ಎಲ್ಲಿರುತ್ತೆ, ಅದರ ಮುಂದೆ ಯಾರು ದೊಣ್ಣೆ ಹಿಡಿದು ನಿಂತಿರ್ತಾರೆ ಅನ್ನೋದೇ ಫಲಿತಾಂಶ ಹೇಳಿಬಿಡುತ್ತಿತ್ತು.

ಗವರ್ನರ್ ಲಾರ್ಡ್ ಸಿಡೆನ್‌ಹ್ಯಾಮ್ ಈ ಆಟ ಚೆನ್ನಾಗಿ ಬಲ್ಲವನು. ಟೆರ್‌ಬೋನ್‌ನ ಮತಗಟ್ಟೆಯನ್ನ ನ್ಯೂ ಗ್ಲಾಸ್ಗೋ ಅನ್ನೋ ಹಳ್ಳಿಗೆ ಹಾಕಿಸಲಾಯಿತು. ಕ್ಷೇತ್ರದ ಅಂಚಿನಲ್ಲಿದ್ದ, ಇಂಗ್ಲಿಷ್ ಮಾತಾಡೋರ ಊರು. ಲಾಫೊಂತೇನ್ ತನ್ನ ಮತದಾರರ ಜೊತೆ ಚಳಿಯಲ್ಲಿ ಅಲ್ಲಿಗೆ ಹೋದಾಗ ದೊಣ್ಣೆ ಹಿಡಿದ ಗುಂಪು ಕಾಯ್ತಾ ಇತ್ತು. ಮುಂದೆ ಹೋದ್ರೆ ಹೆಣ ಬೀಳುತ್ತೆ ಅಂತ ಗೊತ್ತಾಗಿ ಆತ ಹಿಂದೆ ಸರಿದ. ಒಕ್ಕೂಟದ ಒಳಗೆ ಹೋಗೋಣ ಅಂತ ಹೇಳಿದವನೇ ಬಾಗಿಲ ಹೊರಗೆ ಉಳಿದ.

ಅದೇ ಹೊತ್ತಿಗೆ ಬಾಲ್ಡ್ವಿನ್ ಸಿಡೆನ್‌ಹ್ಯಾಮ್ ಸರ್ಕಾರದಲ್ಲಿ ಒಂದು ದೊಡ್ಡ ಹುದ್ದೆಯಲ್ಲಿದ್ದ. ಜೂನ್‌ನಲ್ಲಿ ಸಭೆ ಸೇರೋ ಹೊತ್ತಿಗೆ ಆತ ಗವರ್ನರ್ ಮುಂದೆ ಒಂದು ಮಾತು ಇಟ್ಟ. ಫ್ರೆಂಚ್ ಕೆನಡಾದವರನ್ನೂ ಮಂತ್ರಿಮಂಡಲಕ್ಕೆ ಸೇರಿಸಬೇಕು. ಗವರ್ನರ್ ಒಪ್ಪಲಿಲ್ಲ. ಬಾಲ್ಡ್ವಿನ್ ರಾಜೀನಾಮೆ ಕೊಟ್ಟು ಹೊರಬಂದ. ತನ್ನ ಭಾಷೆಯವರಲ್ಲದವರಿಗೆ ಕುರ್ಚಿ ಸಿಗಲಿಲ್ಲ ಅಂತ ತನ್ನ ಕುರ್ಚಿ ಬಿಟ್ಟವನು.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಚುನಾವಣೆಯಲ್ಲಿ ಬಾಲ್ಡ್ವಿನ್ ಎರಡು ಕ್ಷೇತ್ರದಲ್ಲಿ ಗೆದ್ದಿದ್ದ: ಹೇಸ್ಟಿಂಗ್ಸ್ ಮತ್ತು ಯಾರ್ಕ್ ನಾಲ್ಕನೇ ಕ್ಷೇತ್ರ. ಯಾರ್ಕ್ ಬಿಟ್ಟುಕೊಟ್ಟ. ಅಲ್ಲಿಗೆ ಸಹಜವಾಗಿ ಅವನ ಅಪ್ಪನ ಹೆಸರೇ ಬಂದಿತ್ತು. ಅಪ್ಪ ಮಗ ಇಬ್ಬರೂ ಸೇರಿ ಅದನ್ನ ಲಾಫೊಂತೇನ್‌ಗೆ ಕೊಡಿಸಿದರು. ಟೊರೊಂಟೊದ ಉತ್ತರಕ್ಕಿದ್ದ ಆ ಕ್ಷೇತ್ರದಲ್ಲಿ ಇಂಗ್ಲಿಷ್ ಮಾತಾಡೋ ಪ್ರಾಟೆಸ್ಟೆಂಟ್ ರೈತರೇ ಹೆಚ್ಚು. ಶೇರನ್ ಅನ್ನೋ ಹಳ್ಳಿಯಲ್ಲಿ ಡೇವಿಡ್ ವಿಲ್ಸನ್ ಕಟ್ಟಿದ ಶಾಂತಿಯ ಮಕ್ಕಳು ಅನ್ನೋ ಒಂದು ಸಣ್ಣ ಪಂಥ ಇತ್ತು. ಅವರು ಈ ಫ್ರೆಂಚ್ ಕ್ಯಾಥೊಲಿಕನ ಪರ ನಿಂತರು. ಅವರ ಬಿಳಿ ಬಣ್ಣದ ಮರದ ಪ್ರಾರ್ಥನಾ ಮಂದಿರ ಇವತ್ತಿಗೂ ಶೇರನ್‌ನಲ್ಲಿದೆ.

1841ರ ಸೆಪ್ಟೆಂಬರಿನಲ್ಲಿ ಲಾಫೊಂತೇನ್ ಗೆದ್ದ. ನಾಲ್ಕು ವರ್ಷದ ಹಿಂದೆ ದಂಗೆಯಲ್ಲಿ ದೇಶ ಸುಟ್ಟಿತ್ತು, ಫ್ರೆಂಚರು ಅಂದ್ರೆ ದ್ರೋಹಿಗಳು ಅನ್ನೋ ಮಾತು ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾಮೂಲಾಗಿತ್ತು. ಆ ಹೊತ್ತಲ್ಲಿ ಇದು ಸಣ್ಣ ಮಾತಲ್ಲ.

ಕಿಂಗ್‌ಸ್ಟನ್‌ನಲ್ಲಿ ಒಂದು ಮಂಗಳವಾರ

ಆಗ ರಾಜಧಾನಿ ಕಿಂಗ್‌ಸ್ಟನ್, ಪೂರ್ತಿ ಇಂಗ್ಲಿಷ್ ಊರು. 1842ರ ಸೆಪ್ಟೆಂಬರ್ 13ರಂದು ಲಾಫೊಂತೇನ್ ಸಭೆಯಲ್ಲಿ ಎದ್ದು ಫ್ರೆಂಚ್‌ನಲ್ಲಿ ಮಾತಾಡೋಕೆ ಶುರು ಮಾಡಿದ. ಇಂಗ್ಲಿಷ್‌ನಲ್ಲಿ ಹೇಳಿ ಅಂತ ಒಬ್ಬರು ನಡುವೆ ಕೇಳಿದರು.

ಈ ಮಾತು ನಮಗೆಲ್ಲ ಗೊತ್ತು. ಕಾಲ್‌ನಲ್ಲಿ ಪಕ್ಕದವನಿಗೆ ಕನ್ನಡದಲ್ಲಿ ಎರಡು ಮಾತು ಹೇಳಿದ್ರೆ ಸಾಕು, ಆ ಕಡೆಯಿಂದ ಬರೋ ವಾಕ್ಯ ಇದೇ. ನಾವು ಸಾರಿ ಅಂತೀವಿ, ಭಾಷೆ ಬದಲಿಸ್ತೀವಿ. ತಪ್ಪೇನಿಲ್ಲ, ಕೆಲಸ ನಡೀಬೇಕಲ್ಲ.

ಲಾಫೊಂತೇನ್‌ಗೆ ಇಂಗ್ಲಿಷ್ ಬರ್ತಿತ್ತು. ಆದ್ರೆ ಆತ ಬದಲಿಸಲಿಲ್ಲ. ಅವನ ಉತ್ತರದ ಭಾವ ಇದು: ನನಗೆ ಇಂಗ್ಲಿಷ್ ಫ್ರೆಂಚಿನಷ್ಟೇ ಚೆನ್ನಾಗಿ ಬಂದಿದ್ದರೂ ಇಲ್ಲಿ ನನ್ನ ಮೊದಲ ಭಾಷಣವನ್ನ ನನ್ನ ಜನರ ಭಾಷೆಯಲ್ಲೇ ಮಾಡ್ತಿದ್ದೆ, ನನ್ನ ತಾಯಿಭಾಷೆಯನ್ನ ಹೊರಗಿಡೋ ಈ ಕಾಯ್ದೆಯ ಅನ್ಯಾಯಕ್ಕೆ ಪ್ರತಿಭಟನೆಯಾಗಿ. ಅಷ್ಟು ಹೇಳಿ ಮುಂದುವರಿಸಿದ.

ಒಂದು ವಿಷಯ ಗಮನಿಸಿ. ಆ ದಿನ ಆತ ನಿಂತಿದ್ದು ಯಾರ ಪ್ರತಿನಿಧಿಯಾಗಿ? ಯಾರ್ಕ್‌ನ ಇಂಗ್ಲಿಷ್ ರೈತರ ಪ್ರತಿನಿಧಿಯಾಗಿ. ಇಂಗ್ಲಿಷ್ ಮತದಾರರು ಕಳಿಸಿದ ಸದಸ್ಯ ಫ್ರೆಂಚ್‌ನಲ್ಲಿ ಮಾತಾಡ್ತಿದ್ದಾನೆ. ಫ್ರೆಂಚರದ್ದು ಬರೀ ತಮ್ಮ ಗುಂಪಿನ ಗಲಾಟೆ ಅಂತ ಅವನನ್ನ ತಳ್ಳಿಹಾಕೋ ಹಾಗಿರಲಿಲ್ಲ.

ಸಿಡೆನ್‌ಹ್ಯಾಮ್ ಆಗಲೇ ಕುದುರೆಯಿಂದ ಬಿದ್ದು ತೀರಿಕೊಂಡಿದ್ದ. ಹೊಸ ಗವರ್ನರ್ ಚಾರ್ಲ್ಸ್ ಬ್ಯಾಗಟ್ ಲೆಕ್ಕ ಹಾಕಿ ನೋಡಿದ, ಫ್ರೆಂಚರಿಲ್ಲದೆ ಸಭೆ ನಡೆಯೋದಿಲ್ಲ. ಅದೇ ತಿಂಗಳು ಲಾಫೊಂತೇನ್ ಮತ್ತು ಬಾಲ್ಡ್ವಿನ್ ಇಬ್ಬರನ್ನೂ ಮಂತ್ರಿಮಂಡಲಕ್ಕೆ ಕರೆದ. ಲಂಡನ್‌ಗೆ ಇದು ಇಷ್ಟವಾಗಲಿಲ್ಲ, ಆದ್ರೂ ಆಗಿಹೋಯಿತು.

ರಿಮೂಸ್ಕಿ ತೀರಿಸಿದ ಋಣ

ಆಗಿನ ನಿಯಮದ ಪ್ರಕಾರ ಮಂತ್ರಿಯಾದವನು ಮತ್ತೆ ಚುನಾವಣೆ ಗೆಲ್ಲಬೇಕು. ಲಾಫೊಂತೇನ್ ಯಾರ್ಕ್‌ನಲ್ಲಿ ಮತ್ತೆ ಗೆದ್ದ. ಬಾಲ್ಡ್ವಿನ್ ಹೇಸ್ಟಿಂಗ್ಸ್‌ನಲ್ಲಿ ಸೋತ. ಅಲ್ಲೂ ದೊಣ್ಣೆ ಗುಂಪುಗಳೇ. ಇಂಗ್ಲಿಷ್ ಕ್ಷೇತ್ರಗಳಲ್ಲಿ ಅವನಿಗೆ ಬಾಗಿಲು ಮುಚ್ಚಿತು.

ಆಗ ಲೋವರ್ ಕೆನಡಾದ ದೂರದ ಮೂಲೆ ರಿಮೂಸ್ಕಿ, ಸೇಂಟ್ ಲಾರೆನ್ಸ್ ನದಿ ಸಮುದ್ರದಷ್ಟು ಅಗಲವಾಗೋ ಕಡೆ ಇರೋ ಊರು, ಅವನನ್ನ ಕರೆಯಿತು. ಅಲ್ಲಿನ ಸದಸ್ಯ ತನ್ನ ಸೀಟು ಬಿಟ್ಟುಕೊಟ್ಟ. 1843ರ ಜನವರಿಯಲ್ಲಿ ಫ್ರೆಂಚ್ ಕ್ಯಾಥೊಲಿಕ್ ಮೀನುಗಾರರು, ರೈತರು ಈ ಟೊರೊಂಟೊ ಪ್ರಾಟೆಸ್ಟೆಂಟನನ್ನ ಅವಿರೋಧವಾಗಿ ಆರಿಸಿದರು. ಅವನಿಗೆ ಫ್ರೆಂಚ್ ಹೆಚ್ಚುಕಮ್ಮಿ ಬರ್ತಾನೇ ಇರಲಿಲ್ಲ.

ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ್ದು ಮುಂದಿನ ಮಾತು. ತನಗೆ ಫ್ರೆಂಚ್ ಬಾರದ ಬಗ್ಗೆ ಬಾಲ್ಡ್ವಿನ್‌ಗೆ ನಾಚಿಕೆ ಇತ್ತು. ಆ ಕೊರತೆ ತನಗೇ ಮುಗಿಯಲಿ ಅಂತ ಮಕ್ಕಳನ್ನ ಫ್ರೆಂಚ್ ಕಲಿಯೋಕೆ ಕ್ವಿಬೆಕ್‌ನ ಶಾಲೆಗಳಿಗೆ ಕಳಿಸಿದ. ತಾಯಿಯಿಲ್ಲದ ಮಕ್ಕಳು, ಜೀವಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದ ಮಕ್ಕಳು. ಆಳುವವರ ಭಾಷೆಯವನು ತನ್ನ ಮಕ್ಕಳಿಗೆ ಸೋತವರ ಭಾಷೆ ಕಲಿಸಿದ.

ಹೈದರಾಬಾದ್ ಕಂಡಿದ್ದ ಗವರ್ನರ್

ಬ್ಯಾಗಟ್ ಕಾಯಿಲೆಬಿದ್ದು 1843ರಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಸರ್ ಚಾರ್ಲ್ಸ್ ಮೆಟ್ಕಾಫ್. ಹೈದರಾಬಾದ್, ದೆಹಲಿಯಲ್ಲಿರೋರು ಕೇಳಿ, ಇವನು ನಿಮ್ಮೂರಿನವನು! ಹುಟ್ಟಿದ್ದೇ ಕಲ್ಕತ್ತಾದಲ್ಲಿ. ದೆಹಲಿಯಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ. 1820ರಿಂದ 1825ರವರೆಗೆ ಹೈದರಾಬಾದಿನಲ್ಲಿ ರೆಸಿಡೆಂಟ್. ನಿಜಾಮರಿಗೆ ಸಾಲ ಕೊಟ್ಟು ಖಜಾನೆ ಹೀರುತ್ತಿದ್ದ ಪಾಮರ್ ಕಂಪನಿಯ ವ್ಯವಹಾರವನ್ನ ಬಯಲಿಗೆಳೆದವನು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಆಗಿ ಭಾರತದ ಪತ್ರಿಕೆಗಳ ಮೇಲಿದ್ದ ನಿರ್ಬಂಧ ತೆಗೆದವನೂ ಇವನೇ.

ಅಷ್ಟು ಒಳ್ಳೆಯ ಹೆಸರಿದ್ದವನು ಕೆನಡಾದಲ್ಲಿ ಎಡವಿದ. ಆಡಳಿತ ಅಂದ್ರೆ ಒಳ್ಳೆಯ ಅಧಿಕಾರಿ ಒಳ್ಳೆಯ ಮನಸ್ಸಿನಿಂದ ಮಾಡೋ ಕೆಲಸ ಅನ್ನೋದು ಅವನ ಜೀವಮಾನದ ಅನುಭವ. ಮಂತ್ರಿಗಳನ್ನ ಕೇಳಿ ನೇಮಕ ಮಾಡಬೇಕು ಅಂದ್ರೆ ಅವನಿಗೆ ಅದು ರಾಣಿಯ ಅಧಿಕಾರಕ್ಕೇ ಅಡ್ಡಗಾಲು ಅನಿಸಿತು. ಕೇಳದೇ ನೇಮಕ ಮಾಡಿದ. 1843ರ ನವೆಂಬರಿನಲ್ಲಿ ಒಬ್ಬನನ್ನ ಬಿಟ್ಟು ಎಲ್ಲ ಮಂತ್ರಿಗಳೂ ರಾಜೀನಾಮೆ ಕೊಟ್ಟರು. 1844ರ ಚುನಾವಣೆಯಲ್ಲಿ ಅಪ್ಪರ್ ಕೆನಡಾದಲ್ಲಿ ಬಾಲ್ಡ್ವಿನ್ ಕಡೆಯವರು ನೆಲಕಚ್ಚಿದರು. ಲೋವರ್ ಕೆನಡಾದಲ್ಲಿ ಲಾಫೊಂತೇನ್ ಗೆದ್ದ.

ಇಲ್ಲಿಂದಲೇ ನಿಜವಾದ ಪರೀಕ್ಷೆ ಶುರು. 1845ರಲ್ಲಿ ಆಳುವ ಪಕ್ಷದ ಕಡೆಯಿಂದ ಫ್ರೆಂಚರಿಗೆ ಒಂದು ಸೂಚನೆ ಬಂತು. ಬಾಲ್ಡ್ವಿನ್ ಗುಂಪನ್ನ ಬಿಟ್ಟು ನಮ್ಮ ಜೊತೆ ಬನ್ನಿ, ಅಧಿಕಾರದಲ್ಲಿ ಪಾಲು ಕೊಡ್ತೀವಿ. ಫ್ರೆಂಚರಲ್ಲೇ ಕೆಲವರಿಗೆ ಇದು ಸರಿ ಅನಿಸಿತು. ಸೋತ ಗೆಳೆಯನನ್ನ ಹೊತ್ತು ತಿರುಗೋದ್ಯಾಕೆ ಅನ್ನೋ ಲೆಕ್ಕ. ಲಾಫೊಂತೇನ್ ಒಪ್ಪಲಿಲ್ಲ. ಭಾಷೆಯ ಹೆಸರಲ್ಲಿ ಬೇರೆಯಾಗಿ ಪಾಲು ತೆಗೆದುಕೊಂಡರೆ ಆ ಪಾಲು ಕೊಟ್ಟವನ ಮರ್ಜಿ ಇರೋವರೆಗೆ ಮಾತ್ರ ಅನ್ನೋದು ಅವನಿಗೆ ಗೊತ್ತಿತ್ತು. ಮೂರು ವರ್ಷ ವಿರೋಧ ಪಕ್ಷದಲ್ಲಿ ಕೂತ.

ಮಾವ ಬರೆದದ್ದು, ಅಳಿಯ ಅಳಿಸಿದ್ದು

1847ರಲ್ಲಿ ಎಲ್ಗಿನ್ ಬಂದ, ನಮ್ಮ ಧರ್ಮಶಾಲಾದ ಎಲ್ಗಿನ್. ಅವನ ಹೆಂಡತಿ ಮೇರಿ ಯಾರ ಮಗಳು ಗೊತ್ತಾ? ಲಾರ್ಡ್ ಡರ್ಹಮ್ ಮಗಳು. ಫ್ರೆಂಚರು ಕರಗಿಹೋಗಲಿ ಅಂತ ವರದಿ ಬರೆದವನ ಅಳಿಯ.

1848ರ ಆರಂಭಕ್ಕೆ ಮುಗಿದ ಚುನಾವಣೆಯಲ್ಲಿ ಸುಧಾರಕರು ಎರಡೂ ಕಡೆ ಗೆದ್ದರು. ಮಾರ್ಚ್‌ನಲ್ಲಿ ಎಲ್ಗಿನ್ ಲಾಫೊಂತೇನ್‌ನನ್ನ ಕರೆದು ಸರ್ಕಾರ ರಚಿಸು ಅಂದ. ಲಾಫೊಂತೇನ್ ಬಾಲ್ಡ್ವಿನ್ ಸರ್ಕಾರ. ಬಹುಮತ ಇದ್ದವರಿಗೆ ಅಧಿಕಾರ, ಗವರ್ನರ್ ಅವರ ಸಲಹೆಯಂತೆ. ನೋವಾ ಸ್ಕೋಷಿಯಾದಲ್ಲಿ ಜೋಸೆಫ್ ಹೌ ಮತ್ತು ಸಂಗಡಿಗರು ಒಂದು ತಿಂಗಳ ಮುಂಚೆ ಇದನ್ನೇ ಗೆದ್ದಿದ್ದರು. ಅದೇ ವರ್ಷ ಲಂಡನ್ 41ನೇ ಕಲಮನ್ನ ರದ್ದು ಮಾಡಿತು. 1849ರ ಜನವರಿ 18ರಂದು, ಆಗಿನ ರಾಜಧಾನಿ ಮಾಂಟ್ರಿಯಲ್‌ನಲ್ಲಿ, ಎಲ್ಗಿನ್ ಸಿಂಹಾಸನದ ಭಾಷಣವನ್ನ ಇಂಗ್ಲಿಷ್‌ನಲ್ಲೂ ಓದಿದ, ಫ್ರೆಂಚ್‌ನಲ್ಲೂ ಓದಿದ. ಸಭೆಯಲ್ಲಿದ್ದ ಹಳಬರ ಕಣ್ಣಲ್ಲಿ ನೀರು ಬಂದಿದ್ದರೆ ಆಶ್ಚರ್ಯ ಇಲ್ಲ.

ಆದ್ರೆ ಬೆಲೆ ಕಟ್ಟಬೇಕಾಯಿತು. ದಂಗೆಯ ಸಮಯದಲ್ಲಿ ಲೋವರ್ ಕೆನಡಾದಲ್ಲಿ ಆಸ್ತಿ ಕಳಕೊಂಡವರಿಗೆ ಪರಿಹಾರ ಕೊಡೋ ಮಸೂದೆಯನ್ನ ಲಾಫೊಂತೇನ್ ತಂದ. ಅಪ್ಪರ್ ಕೆನಡಾದವರಿಗೆ ಇಂಥ ಪರಿಹಾರ ಆಗಲೇ ಸಿಕ್ಕಿತ್ತು. ಫ್ರೆಂಚರಿಗೆ ಅಂದಾಗ ಮಾತ್ರ ದ್ರೋಹಿಗಳಿಗೆ ದುಡ್ಡಾ ಅಂತ ಗಲಾಟೆ. ಸಭೆ ಪಾಸು ಮಾಡಿತು. ಎಲ್ಗಿನ್‌ಗೆ ಸ್ವತಃ ಆ ಮಸೂದೆ ಅಷ್ಟಾಗಿ ಇಷ್ಟ ಇರಲಿಲ್ಲ. ಆದ್ರೂ 1849ರ ಏಪ್ರಿಲ್ 25ರಂದು ಸಹಿ ಹಾಕಿದ, ಯಾಕಂದ್ರೆ ಬಹುಮತದ ಸಲಹೆ ಅದು.

ಆ ಸಂಜೆ ಅವನ ಗಾಡಿಯ ಮೇಲೆ ಮೊಟ್ಟೆ, ಕಲ್ಲು ಬಿದ್ದವು. ರಾತ್ರಿ ಇಂಗ್ಲಿಷ್ ಗುಂಪೊಂದು ಶಾಸನಸಭೆಯ ಕಟ್ಟಡಕ್ಕೇ ಬೆಂಕಿ ಇಟ್ಟಿತು. 20,000ಕ್ಕೂ ಹೆಚ್ಚು ಪುಸ್ತಕಗಳ ಗ್ರಂಥಾಲಯ ಬೂದಿಯಾಯಿತು. ಮರುದಿನ ಲಾಫೊಂತೇನ್ ಮನೆಗೆ ನುಗ್ಗಿ ಅವನ ಪುಸ್ತಕಗಳನ್ನ ಹಾಳುಮಾಡಿದರು, ಲಾಯಕ್ಕೆ ಬೆಂಕಿ ಇಟ್ಟರು. ಸರ್ಕಾರ ಸೈನ್ಯ ಇಳಿಸಿ ಗುಂಡು ಹಾರಿಸೋ ದಾರಿಗೆ ಹೋಗಲಿಲ್ಲ. ಎಲ್ಗಿನ್ ಊರಾಚೆಯ ಬಂಗಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ. ಹೇಡಿ ಅನ್ನಿಸಿಕೊಂಡ. ಸರ್ಕಾರ ಬೀಳಲಿಲ್ಲ, ಕಾನೂನು ಉಳಿಯಿತು. ಮಾಂಟ್ರಿಯಲ್ ಮಾತ್ರ ರಾಜಧಾನಿ ಪಟ್ಟ ಕಳಕೊಂಡಿತು.

ಇದೇ ಎಲ್ಗಿನ್ 1860ರಲ್ಲಿ ಚೀನಾದಲ್ಲಿ ಬೇಸಿಗೆ ಅರಮನೆ ಸುಡೋಕೆ ಆಜ್ಞೆ ಕೊಟ್ಟವನು. ಮಾಂಟ್ರಿಯಲ್‌ನಲ್ಲಿ ತಾಳ್ಮೆ, ಪೀಕಿಂಗ್‌ನಲ್ಲಿ ಬೆಂಕಿ. ಮನುಷ್ಯ ಒಬ್ಬನೇ. ಮಾಂಟ್ರಿಯಲ್‌ನಲ್ಲಿ ಅವನ ಪಕ್ಕ ಜನರಿಗೆ ಉತ್ತರ ಹೇಳಬೇಕಾದ ಮಂತ್ರಿಗಳಿದ್ದರು, ಪೀಕಿಂಗ್‌ನಲ್ಲಿ ಇರಲಿಲ್ಲ. ಬಾಲ್ಡ್ವಿನ್ ಜೀವನವಿಡೀ ಹೇಳಿದ್ದು ಇದನ್ನೇ: ಒಳ್ಳೆಯ ಗವರ್ನರ್ ಸಿಗಲಿ ಅಂತ ಕಾಯಬೇಡಿ, ಕೇಳೋರು ಇರೋ ಹಾಗೆ ಮಾಡಿ.

ಬಿಟ್ಟುಹೋದವರು

ಇವರನ್ನ ದೇವರು ಮಾಡೋದು ಬೇಡ. ಇದೇ ಸರ್ಕಾರದ 1849ರ ಚುನಾವಣಾ ಕಾಯ್ದೆ ಹೆಂಗಸರಿಗೆ ಮತದಾನ ಇಲ್ಲ ಅಂತ ಬರೆದೇ ಹೇಳಿತು. ಅದಕ್ಕೂ ಮೊದಲು ಲೋವರ್ ಕೆನಡಾದಲ್ಲಿ ಆಸ್ತಿಯಿದ್ದ ಕೆಲವು ಹೆಂಗಸರು ವೋಟು ಹಾಕಿದ ದಾಖಲೆಗಳಿವೆ. ಕ್ವಿಬೆಕ್ ಪ್ರಾಂತ್ಯದ ಹೆಂಗಸರು ಅಲ್ಲಿನ ಶಾಸನಸಭೆಗೆ ವೋಟು ಹಾಕೋ ಹಕ್ಕನ್ನ ಪಡೆದದ್ದು 1940ರಲ್ಲಿ! ಆ ನೆಲದ ಮೂಲನಿವಾಸಿಗಳ ಭಾಷೆಗಳಿಗೆ ಸಭೆಯಲ್ಲಿ ಜಾಗವೇ ಇರಲಿಲ್ಲ. ಎರಡು ಭಾಷೆಯ ಗೆಳೆತನ ಅಂದಾಗ ಮೂರನೆಯವರನ್ನ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗೆದ್ದದ್ದು ಎಲ್ಲ ಕಡೆ ಉಳಿಯಲೂ ಇಲ್ಲ. 1867ರ ಸಂವಿಧಾನದ 133ನೇ ಕಲಂ ಫೆಡರಲ್ ಸಂಸತ್ತಿನಲ್ಲಿ ಎರಡೂ ಭಾಷೆಗೆ ಜಾಗ ಕೊಟ್ಟಿತು. ಆದ್ರೆ 1890ರಲ್ಲಿ ಮ್ಯಾನಿಟೋಬಾ ಫ್ರೆಂಚ್‌ನ ಅಧಿಕೃತ ಸ್ಥಾನ ಕಿತ್ತುಹಾಕಿತು. 1969ರ ಅಧಿಕೃತ ಭಾಷಾ ಕಾಯ್ದೆಯವರೆಗೆ ಜಗಳ ನಡೀತಾನೇ ಇತ್ತು, ಈಗಲೂ ಇದೆ.

ಇಬ್ಬರೂ 1851ರಲ್ಲಿ ರಾಜಕೀಯ ಬಿಟ್ಟರು. ಒಂದು ಮತದಾನದಲ್ಲಿ ತನ್ನ ಸರ್ಕಾರ ಗೆದ್ದರೂ ಅಪ್ಪರ್ ಕೆನಡಾದ ಸದಸ್ಯರಲ್ಲಿ ಹೆಚ್ಚಿನವರು ವಿರುದ್ಧ ಹಾಕಿದರು ಅಂತ ಬಾಲ್ಡ್ವಿನ್ ರಾಜೀನಾಮೆ ಕೊಟ್ಟ. ಕೆಲವೇ ತಿಂಗಳಲ್ಲಿ ಲಾಫೊಂತೇನ್ ಕೂಡ ಹೊರಟ. 1858ರಲ್ಲಿ ಬಾಲ್ಡ್ವಿನ್, 1864ರಲ್ಲಿ ಲಾಫೊಂತೇನ್ ತೀರಿಕೊಂಡರು. ಆಟವಾದ ಸಂಸತ್ ಭವನದ ಆವರಣದಲ್ಲಿ ಇಬ್ಬರ ವಿಗ್ರಹಗಳೂ ಒಂದೇ ಸ್ಮಾರಕದಲ್ಲಿವೆ.

ಕೊನೆಗೆ, ನನ್ನ ಲೆಕ್ಕ

ನಾನು ಪುಣೆಗೆ ಬಂದು ಹನ್ನೊಂದು ವರ್ಷ. ಮರಾಠಿ ಯೇತಂ ಕಾ ಅಂತ ಯಾರಾದ್ರೂ ಕೇಳಿದ್ರೆ ಥೋಡಂ ಥೋಡಂ ಅಂತೀನಿ. ಹನ್ನೊಂದು ವರ್ಷದಿಂದ ಅದೇ ಥೋಡಂ. ಮಗಳಿಗೆ ಶಾಲೆಯಲ್ಲಿ ಮರಾಠಿ ಕಡ್ಡಾಯ ಅಂದಾಗ ಎಷ್ಟು ಭಾಷೆ ಅಂತ ಹೇರ್ತಾರಪ್ಪ ಅಂತ ಗೊಣಗಿದ್ದೆ. ಅದೇ ಹೊತ್ತಿಗೆ ಬೆಂಗಳೂರಲ್ಲಿ ಇಷ್ಟು ವರ್ಷ ಇದ್ದೂ ಕನ್ನಡ ಕಲಿಯದವರ ಬಗ್ಗೆ ಬರೋ ಪ್ರತಿ ಪೋಸ್ಟನ್ನೂ ನಮ್ಮ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೀನಿ. ಎರಡೂ ಒಂದೇ ಫೋನ್‌ನಲ್ಲಿ, ಒಂದೇ ಬೆರಳಲ್ಲಿ.

ಕೆಲವು ವರ್ಷದ ಹಿಂದೆ ನಮ್ಮ ಸೊಸೈಟಿಯಲ್ಲಿ ನವೆಂಬರ್ ಒಂದರ ಕಾರ್ಯಕ್ರಮಕ್ಕೆ ಹಾಲ್ ಕೇಳಿದ್ವಿ. ಹತ್ತು ಹನ್ನೆರಡು ಕನ್ನಡದ ಮನೆಗಳು. ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ ಅಂತ ಮೀಟಿಂಗಲ್ಲಿ ಮಾತು ಬಂತು. ನಾವು ಸುಮ್ಮನೆ ಕೂತಿದ್ವಿ. ಆಗ ಎದ್ದು ಮಾತಾಡಿದವರು ಮೂರನೇ ಮಹಡಿಯ ಒಬ್ಬ ಮರಾಠಿ ಕಾಕಾ. ಕನ್ನಡದ ಒಂದಕ್ಷರ ಬಾರದವರು. ಏನು ಹೇಳಿದ್ರು ಅಂತ ನನಗೆ ಅರ್ಧ ಮಾತ್ರ ತಿಳೀತು. ಹಾಲ್ ಸಿಕ್ಕಿತು. ನಾನು ಅವರಿಗೆ ಥ್ಯಾಂಕ್ಯೂ ಅಂದೆ, ಇಂಗ್ಲಿಷ್‌ನಲ್ಲಿ.

ನಮ್ಮ ಭಾಷೆಗೆ ಲಾಫೊಂತೇನ್‌ಗಳು ಬೇಕು ಅಂತ ನಾವು ಯಾವಾಗಲೂ ಹೇಳ್ತೀವಿ. ಬೇಕು, ಸಂಶಯ ಇಲ್ಲ. ಆದ್ರೆ ಕಿಂಗ್‌ಸ್ಟನ್‌ನಲ್ಲಿ ಅವನು ಫ್ರೆಂಚ್ ಮಾತಾಡೋಕೆ ಆಗಿದ್ದು, ಅವನನ್ನ ಅಲ್ಲಿಗೆ ಕಳಿಸಿದ ಯಾರ್ಕ್‌ನ ರೈತರಿಂದ. ಬೆಂಗಳೂರಲ್ಲಿ ಒಬ್ಬ ಬಾಲ್ಡ್ವಿನ್ ಇರಲಿ ಅಂತ ಆಸೆಪಡೋ ನಾನು ಪುಣೆಯಲ್ಲಿ ಹನ್ನೊಂದು ವರ್ಷ ಏನಾಗಿದ್ದೆ ಅನ್ನೋ ಪ್ರಶ್ನೆ ಆ ಸಮಾಧಿಯ ಕಥೆ ಓದ್ತಾ ಓದ್ತಾ ಬಂತು.

ಈಗ ರಾತ್ರಿ ಊಟ ಆದ ಮೇಲೆ ಮಗಳ ಮರಾಠಿ ಪುಸ್ತಕ ಹಿಡಿದು ಅವಳ ಹತ್ರ ಅರ್ಧ ಗಂಟೆ ಕೂರ್ತೀನಿ. ಅವಳು ನನ್ನ ಉಚ್ಚಾರಣೆ ಕೇಳಿ ನಗ್ತಾಳೆ. ಕಾಕಾಗೆ ಆ ಥ್ಯಾಂಕ್ಯೂನ ಅವರ ಭಾಷೆಯಲ್ಲಿ ಹೇಳೋದು ಬಾಕಿ ಇದೆ.

ನೀವಿರೋ ಊರಲ್ಲಿ ತಮಿಳೋ ತೆಲುಗೋ ಹಿಂದಿಯೋ, ನಿಮ್ಮ ಥೋಡಂ ಎಷ್ಟು ವರ್ಷದ್ದು ಅಂತ ನೀವೂ ಒಮ್ಮೆ ಲೆಕ್ಕ ಹಾಕಿ ನೋಡಿ. ಮುಂದಿನ ಭಾನುವಾರ ಮತ್ತೆ ಸಿಗೋಣ. ನಮಸ್ಕಾರ.